ಹೊಲದ ಮಣ್ಣಿನಲ್ಲಿ ಭಾರಲೋಹ ಎಷ್ಟಿದೆ? ಇನ್‌ಫ್ರಾರೆಡ್, ಎಕ್ಸ್‌ರೇ ಗನ್, ಲ್ಯಾಬ್: ಯಾರಿಗೆ ಯಾವುದು

ಹೋದ ಬೇಸಿಗೆಯಲ್ಲಿ ತಿಕೋಟಾ ಕಡೆಯ ಒಂದು ದ್ರಾಕ್ಷಿ ತೋಟಕ್ಕೆ ಹೋಗಿದ್ದೆ. ಅಲ್ಲಿಗೆ ಒಬ್ಬ ಮಾರಾಟದವನು ಅಂಗೈಯಲ್ಲಿ ಹಿಡಿಯುವಷ್ಟು ಸಣ್ಣ ಇನ್‌ಫ್ರಾರೆಡ್ ಯಂತ್ರ ತಂದಿದ್ದ. ಬಳ್ಳಿಯ ಬುಡದ ಒಣ ಮಣ್ಣಿಗೆ ಒತ್ತಿ ಗುಂಡಿ ಅದುಮಿದ. ಫೋನಿನ ಮೇಲೆ ಸಾಲಾಗಿ ಅಂಕಿಗಳು ಬಂದವು. ಕೊನೆಯ ಸಾಲಿನಲ್ಲಿ ‘ಸೀಸ 38’. ತೋಟದ ಕಾಕಾ ಸುಮ್ಮನೆ ನೋಡುತ್ತಿದ್ದವರು, ಎರಡು ಗೇಣು ಆಚೆ ಡ್ರಿಪ್ ಪೈಪಿನ ಕೆಳಗಿದ್ದ ಒದ್ದೆ ಮಣ್ಣು ತೋರಿಸಿ, "ಇಲ್ಲೊಮ್ಮೆ ಹಿಡೀರಿ" ಅಂದರು. ಹಿಡಿದ. ಈ ಸಲ ‘ಸೀಸ 61’. ಕಾಕಾ ನನ್ನ ಕಡೆ ತಿರುಗಿದರು. "ಏನ್ರೀ ಸರ, ಡ್ರಿಪ್ ನೀರಾಗ ಸೀಸ ಬರತೈತೇನ್ರೀ?"

ಬರುವುದಿಲ್ಲ. ಹಾಗಂತ ಆ ಯಂತ್ರ ಪೂರ್ತಿ ಸುಳ್ಳೂ ಅಲ್ಲ. ಅದು ಏನನ್ನು ನೋಡುತ್ತದೆ, ಏನನ್ನು ಊಹಿಸುತ್ತದೆ ಅಂತ ಗೊತ್ತಿಲ್ಲದೆ ಹಿಡಿದರೆ ಹೀಗಾಗುತ್ತದೆ. ಬಾಗಲಕೋಟೆಯಲ್ಲಿ ಕುಳಿತು ಮಣ್ಣು ಪರೀಕ್ಷೆಯ ಕೆಲಸ ಮಾಡುವ ನನಗೆ ಈಚೆಗೆ ಇದೇ ಪ್ರಶ್ನೆ ಬೇರೆ ಬೇರೆ ರೂಪದಲ್ಲಿ ಬರುತ್ತಿದೆ. ಬೆಳಗಾವಿಯ ನಾಲಾ ದಂಡೆಯಲ್ಲಿ ತರಕಾರಿ ಬೆಳೆಯುವ ಅಕ್ಕ ಒಬ್ಬರು ಕೇಳಿದರು. ಫೌಂಡ್ರಿ ಪಕ್ಕದ ಜಾಗ ಕೊಳ್ಳಲು ಹೊರಟವರು ಕೇಳಿದರು. ಪ್ರಬಂಧಕ್ಕೆ ವಿಷಯ ಹುಡುಕುತ್ತಿರುವ ಎಂ.ಎಸ್ಸಿ ಹುಡುಗಿ ಕೇಳಿದಳು. ಎಲ್ಲರಿಗೂ ಬೇಕಾದದ್ದು ‘ಯಾವುದು ಒಳ್ಳೆಯದು’ ಎಂಬ ಒಂದೇ ಸಾಲಿನ ಉತ್ತರ. ಅಷ್ಟರಲ್ಲಿ ಮುಗಿಯುವ ವಿಷಯ ಇದಲ್ಲ, ಆದರೆ ಪೂರ್ತಿ ಓದಿದರೆ ನಿಮ್ಮದು ಯಾವುದು ಅಂತ ನೀವೇ ಹೇಳಬಲ್ಲಿರಿ.

ಮೊದಲು ಇಷ್ಟು ಕೇಳಿಕೊಳ್ಳಿ

ನಿಮಗೆ ಅನುಮಾನ ಇರುವುದು ಯಾವ ಲೋಹದ ಮೇಲೆ? ಇದು ಎಲ್ಲಕ್ಕಿಂತ ಮೊದಲು. ‘ಭಾರಲೋಹ’ ಅನ್ನುವುದು ಒಂದು ವಸ್ತುವಿನ ಹೆಸರಲ್ಲ. ದ್ರಾಕ್ಷಿ, ದಾಳಿಂಬೆ ತೋಟದಲ್ಲಿ ಅನುಮಾನ ತಾಮ್ರದ ಮೇಲೆ. ಹಳೇ ಬ್ಯಾಟರಿ ಒಡೆದ ಜಾಗದಲ್ಲಿ ಸೀಸದ ಮೇಲೆ. ಎಲೆಕ್ಟ್ರೋಪ್ಲೇಟಿಂಗ್ ಘಟಕದ ಹಿಂದೆ ಕ್ರೋಮಿಯಂ, ನಿಕ್ಕಲ್. ವರ್ಷಗಟ್ಟಲೆ ಡಿಎಪಿ, ಸೂಪರ್ ಫಾಸ್ಫೇಟ್ ಸುರಿದ ಹೊಲದಲ್ಲಿ ಕ್ಯಾಡ್ಮಿಯಂ, ಯಾಕೆಂದರೆ ರಂಜಕದ ಕಲ್ಲಿನ ಜೊತೆಗೇ ಅದು ಗೊಬ್ಬರಕ್ಕೆ ಬರುತ್ತದೆ.

ಆಮೇಲೆ, ಎಷ್ಟು ಸಣ್ಣ ಪ್ರಮಾಣ ಅಳೆಯಬೇಕು? ಹೋಲಿಕೆಗೆ ಒಂದು ಅಳತೆಗೋಲು ಇಟ್ಟುಕೊಳ್ಳೋಣ. ಚರಂಡಿ ಕೆಸರನ್ನು ಹೊಲಕ್ಕೆ ಹಾಕುವ ಬಗ್ಗೆ ಯುರೋಪಿನವರು 1986ರಲ್ಲಿ ಒಂದು ನಿಯಮ ಮಾಡಿದರು. ಅದರ ಪ್ರಕಾರ ಒಂದು ಕೆಜಿ ಮಣ್ಣಿನಲ್ಲಿ ಕ್ಯಾಡ್ಮಿಯಂ 1ರಿಂದ 3 ಮಿಲಿಗ್ರಾಂ, ಸೀಸ 50ರಿಂದ 300, ತಾಮ್ರ 50ರಿಂದ 140, ನಿಕ್ಕಲ್ 30ರಿಂದ 75, ಸತು 150ರಿಂದ 300 ಮಿತಿ. ಇದು ಪಿಎಚ್ (ಮಣ್ಣಿನ ಹುಳಿ–ಕ್ಷಾರದ ಅಳತೆ) 6–7ರ ಮಣ್ಣಿಗೆ. ಪಿಎಚ್ ಯಾವಾಗಲೂ 7ಕ್ಕಿಂತ ಮೇಲಿದ್ದರೆ ತಾಮ್ರ, ನಿಕ್ಕಲ್, ಸತುವಿಗೆ ಶೇ 50ರವರೆಗೆ ಸಡಿಲಿಕೆ ಉಂಟು. ನಮ್ಮ ಎರೆ ಹೊಲಗಳ ಪಿಎಚ್ ಸಾಮಾನ್ಯವಾಗಿ 8ರ ಮೇಲೇ ಇರುವುದರಿಂದ ಈ ಸಣ್ಣಕ್ಷರದ ಮಾತು ನಮಗೆ ಮುಖ್ಯ. ಒಂದು ಕೆಜಿಗೆ ಒಂದು ಮಿಲಿಗ್ರಾಂ ಅಂದರೆ ಒಂದು ಪಿಪಿಎಂ. ಈಗ ನೋಡಿ, ಸೀಸ ಅಳೆಯುವ ಯಂತ್ರಕ್ಕೆ 20–30 ಪಿಪಿಎಂ ಕಂಡರೂ ಕೆಲಸ ನಡೆಯುತ್ತದೆ. ಕ್ಯಾಡ್ಮಿಯಂ ಅಳೆಯುವುದಕ್ಕೆ ಒಂದು ಪಿಪಿಎಂಗಿಂತ ಕೆಳಗೆ ಕಾಣಬೇಕು. ಅರ್ಧ ಯಂತ್ರಗಳು ಇಲ್ಲೇ ಸೋಲುತ್ತವೆ.

ಮೂರನೆಯದು, ಮಣ್ಣಿನಲ್ಲಿ ಒಟ್ಟು ಎಷ್ಟಿದೆ ಅಂತ ಬೇಕೋ, ಬೆಳೆಯ ಬೇರಿಗೆ ಸಿಗುವಷ್ಟು ಎಷ್ಟಿದೆ ಅಂತ ಬೇಕೋ? ಎರಡೂ ಬೇರೆ ಬೇರೆ ಪರೀಕ್ಷೆ. ಸುಣ್ಣ ತುಂಬಿದ ಎರೆ ಮಣ್ಣು ಸೀಸ, ಕ್ಯಾಡ್ಮಿಯಂ, ಸತುವನ್ನು ಗಟ್ಟಿಯಾಗಿ ಹಿಡಿದಿಡುತ್ತದೆ. ಅದೇ ಪ್ರಮಾಣ ಖಾನಾಪುರ ಕಡೆಯ ಹುಳಿ ಜಂಬಿಟ್ಟಿಗೆ ಮಣ್ಣಿನಲ್ಲಿದ್ದರೆ ಗಿಡಕ್ಕೆ ಬೇಗ ಏರುತ್ತದೆ. ಆರ್ಸೆನಿಕ್ ಮತ್ತು ವಿಷಕಾರಿ ರೂಪದ ಕ್ರೋಮಿಯಂ ಮಾತ್ರ ಉಲ್ಟಾ. ಪಿಎಚ್ ಏರಿದಷ್ಟೂ ಅವು ಸಡಿಲವಾಗುತ್ತವೆ.

ಇನ್ನುಳಿದವು ಸರಳ. ಎಷ್ಟು ಮಾದರಿ, ಎರಡೋ ಇನ್ನೂರೋ? ಬಂದ ಕಾಗದವನ್ನು ಯಾರಿಗೆ ತೋರಿಸಬೇಕು, ನಿಮಗಷ್ಟೇ ಸಾಕೋ, ಕೋರ್ಟಿಗೋ, ರಫ್ತು ಮಾಡುವವರಿಗೋ? ಕೈಯಲ್ಲಿ ಎಷ್ಟು ದುಡ್ಡಿದೆ?

ಇನ್‌ಫ್ರಾರೆಡ್: ಚಪ್ಪಲಿ ನೋಡಿ ಜನ ಎಣಿಸುವ ವಿದ್ಯೆ

ಮದುವೆ ಮಂಟಪದ ಹೊರಗೆ ಬಿಟ್ಟ ಚಪ್ಪಲಿ ನೋಡಿ ಒಳಗೆ ಎಷ್ಟು ಜನ ಇದ್ದಾರೆ ಅಂತ ಹೇಳಬಹುದು, ಅಲ್ವಾ? ಸುಮಾರಾಗಿ ಸರಿಯಾಗಿಯೇ ಹೇಳಬಹುದು. ಇನ್‌ಫ್ರಾರೆಡ್ ಭಾರಲೋಹ ಅಳೆಯುವುದು ಹೀಗೆ. ಅದು ಲೋಹವನ್ನು ನೋಡುವುದೇ ಇಲ್ಲ. ಲೋಹ ಬಿಟ್ಟಿರುವ ಚಪ್ಪಲಿಯನ್ನು ನೋಡುತ್ತದೆ.

ಮಣ್ಣಿನ ಮೇಲೆ ಬೆಳಕು ಬಿಟ್ಟಾಗ ಕೆಲವು ತರಂಗಗಳನ್ನು ಮಣ್ಣು ಹೀರಿಕೊಳ್ಳುತ್ತದೆ, ಉಳಿದದ್ದನ್ನು ಹಿಂದಕ್ಕೆ ಕಳಿಸುತ್ತದೆ. ಯಾವ ತರಂಗ ಎಷ್ಟು ಹಿಂದೆ ಬಂತು ಅನ್ನುವುದನ್ನು ಯಂತ್ರ ಒಂದು ಗೆರೆಯಾಗಿ ಬರೆಯುತ್ತದೆ. ಹೊಲಕ್ಕೆ ತರುವ ಯಂತ್ರಗಳು ಸಾಮಾನ್ಯವಾಗಿ 350ರಿಂದ 2,500 ನ್ಯಾನೋಮೀಟರ್‌ವರೆಗಿನ ಬೆಳಕು, ಅಥವಾ ಅದರಲ್ಲೊಂದು ತುಂಡು ಬಳಸುತ್ತವೆ. 1,400 ಮತ್ತು 1,900ರ ಹತ್ತಿರ ನೀರು ಹೀರುತ್ತದೆ. 2,200ರ ಹತ್ತಿರ ಜೇಡಿಯ ಗುರುತು. 2,340ರ ಆಸುಪಾಸು ಸುಣ್ಣದ್ದು. 900ರ ಹತ್ತಿರ ಕಬ್ಬಿಣದ ಆಕ್ಸೈಡು. ಕೊಳೆತ ಸಾವಯವ ವಸ್ತು ಇದ್ದರೆ ಇಡೀ ಗೆರೆಯೇ ಕೆಳಗೆ ಇಳಿಯುತ್ತದೆ. ಈ ಪಟ್ಟಿಯಲ್ಲಿ ಸೀಸ ಎಲ್ಲಿದೆ ಅಂತ ಹುಡುಕಬೇಡಿ. ಇಲ್ಲ. 50 ಪಿಪಿಎಂ ಸೀಸ ಅಂದರೆ ಒಂದು ಲಕ್ಷ ಭಾಗ ಮಣ್ಣಿಗೆ ಐದು ಭಾಗ. ಈ ಬೆಳಕಿಗೆ ಅದು ಲೆಕ್ಕಕ್ಕೇ ಸಿಗುವುದಿಲ್ಲ.

ಹಾಗಾದರೆ ಅಂಕಿ ಎಲ್ಲಿಂದ ಬರುತ್ತದೆ? ಲೋಹಗಳು ಮಣ್ಣಿನಲ್ಲಿ ಒಂಟಿಯಾಗಿ ಇರುವುದಿಲ್ಲ. ಜೇಡಿಗೆ, ಕಬ್ಬಿಣದ ಆಕ್ಸೈಡಿಗೆ, ಸಾವಯವ ವಸ್ತುವಿಗೆ ಅಂಟಿಕೊಂಡಿರುತ್ತವೆ. ಒಂದು ಪ್ರದೇಶದ ನೂರಾರು ಮಾದರಿಗಳನ್ನು ಲ್ಯಾಬಿನಲ್ಲಿ ಅಳೆದು, ಅದೇ ಮಾದರಿಗಳ ಬೆಳಕಿನ ಗೆರೆ ತೆಗೆದು, ಎರಡನ್ನೂ ಕಂಪ್ಯೂಟರಿಗೆ ಕಲಿಸುತ್ತಾರೆ. ಇಷ್ಟು ಜೇಡಿ, ಇಷ್ಟು ಕಬ್ಬಿಣ, ಇಷ್ಟು ಸಾವಯವ ಇದ್ದಲ್ಲಿ ಸಾಮಾನ್ಯವಾಗಿ ಇಷ್ಟು ನಿಕ್ಕಲ್ ಇತ್ತು ಅಂತ ಅದು ಕಲಿಯುತ್ತದೆ. ಹೊಸ ಮಣ್ಣು ತೋರಿಸಿದಾಗ ಅದೇ ಪಾಠ ಒಪ್ಪಿಸುತ್ತದೆ.

ಇಲ್ಲೇ ನಮ್ಮ ಸೀಮೆಯ ತೊಡಕು. ವಿಜಯಪುರ ಜಿಲ್ಲೆಯ ಬಹುಭಾಗ, ಅಥಣಿ, ಚಿಕ್ಕೋಡಿ ಕಡೆ ಕೆಳಗಿರುವುದು ದಖ್ಖನ್ನಿನ ಕಪ್ಪುಕಲ್ಲು, ಬಸಾಲ್ಟು. ಆ ಕಲ್ಲಿನಲ್ಲೇ ತಾಮ್ರ, ನಿಕ್ಕಲ್, ಕ್ರೋಮಿಯಂ ಜಾಸ್ತಿ. ಅದು ಕರಗಿ ಆದ ಎರೆ ಮಣ್ಣಿನಲ್ಲೂ ಜಾಸ್ತಿ. ಈ ಲೋಹಗಳು ಕಬ್ಬಿಣದ ಜೊತೆಗೇ ಹುಟ್ಟಿದವು, ಅದರ ಜೊತೆಗೇ ಇರುತ್ತವೆ. ಹಾಗಾಗಿ ಇನ್‌ಫ್ರಾರೆಡ್ ಇವನ್ನು ಚೆನ್ನಾಗಿಯೇ ಊಹಿಸಬಲ್ಲದು. ಆದರೆ ಅದು ಊಹಿಸಿದ್ದು ಕಲ್ಲಿನಿಂದ ಬಂದ ನಿಕ್ಕಲ್. ಯಾರೋ ತಂದು ಸುರಿದ ನಿಕ್ಕಲ್ ಅಲ್ಲ. ರಾತ್ರಿ ಟ್ರ್ಯಾಕ್ಟರಿನಲ್ಲಿ ತಂದು ಹಳ್ಳದ ಬದಿಗೆ ಸುರಿದ ಬ್ಯಾಟರಿ ಬೂದಿ ಜೇಡಿಯನ್ನಾಗಲಿ ಕಬ್ಬಿಣವನ್ನಾಗಲಿ ಅಷ್ಟಾಗಿ ಬದಲಿಸುವುದಿಲ್ಲ. ಅದು ಬರಿಗಾಲಲ್ಲಿ ಬಂದ ಅತಿಥಿ. ಹೊರಗೆ ಚಪ್ಪಲಿ ಇಲ್ಲ. ಅಂದರೆ ನಮಗೆ ಯಾವುದು ನಿಜವಾಗಿ ಬೇಕೋ, ಆ ಹೊಸ ಮಾಲಿನ್ಯದಲ್ಲೇ ಈ ಯಂತ್ರ ಕೈಕೊಡುವ ಸಾಧ್ಯತೆ ಜಾಸ್ತಿ.

ಇದರ ತಿರುವುಮುರುವೂ ಆಗುತ್ತದೆ. ಮುಧೋಳ, ಜಮಖಂಡಿ ಕಡೆ ಕಬ್ಬಿನ ಹೊಲಕ್ಕೆ ಪ್ರೆಸ್‌ಮಡ್, ಅಂದರೆ ಸಕ್ಕರೆ ಕಾರ್ಖಾನೆಯಲ್ಲಿ ರಸ ಸೋಸಿದ ಮೇಲೆ ಉಳಿಯುವ ಮಡ್ಡಿ, ಹಾಕುತ್ತಾರೆ. ಮಣ್ಣು ಕಪ್ಪಾಗುತ್ತದೆ, ಸಾವಯವ ಏರುತ್ತದೆ. ಸಾವಯವವನ್ನೇ ನಂಬಿ ಪಾಠ ಕಲಿತ ಯಂತ್ರ ಅಲ್ಲಿ ಲೋಹವೂ ಏರಿದೆ ಅಂತ ಹೇಳಿಬಿಡಬಹುದು. ಕಾಕಾನ ತೋಟದಲ್ಲಿ ಆದದ್ದೂ ಇಂಥದ್ದೇ. ಒದ್ದೆ ಮಣ್ಣು ಕಪ್ಪಾಗಿ ಕಾಣುತ್ತದೆ, ನೀರಿನ ಗುರುತುಗಳು ಬೇರೆಲ್ಲವನ್ನೂ ನುಂಗುತ್ತವೆ. ಮಳೆ ಬಿದ್ದ ಮೇಲೆ ವಾರಗಟ್ಟಲೆ ತೇವ ಹಿಡಿದಿಡುವ ಎರೆ ಮಣ್ಣಿನಲ್ಲಿ ಇದು ಸಣ್ಣ ವಿಷಯ ಅಲ್ಲ. ಆ ಯಂತ್ರ ಎಲ್ಲಿಯ ಮಣ್ಣಿನಿಂದ ಪಾಠ ಕಲಿತಿದೆ ಅಂತ ಮಾರಾಟದವನನ್ನು ಕೇಳಿದೆ. "ಕ್ಲೌಡ್‌ನಲ್ಲಿ ಇದೆ ಸರ್" ಅಂದ. ಸರಿ ಬಿಡಿ.

ಇಷ್ಟೆಲ್ಲ ಬೈದರೂ ನಾನು ಇನ್‌ಫ್ರಾರೆಡ್ ವಿರೋಧಿ ಅಲ್ಲ. ಒಂದು ಮಾದರಿ ಓದಲು ಅರ್ಧ ನಿಮಿಷ. ಆಮ್ಲ ಬೇಡ, ಗ್ಯಾಸ್ ಬೇಡ, ಮಣ್ಣು ಹಾಳಾಗುವುದಿಲ್ಲ. ಒಮ್ಮೆ ಗೆರೆ ತೆಗೆದಿಟ್ಟರೆ ಅದರಿಂದಲೇ ಸಾವಯವ ಇಂಗಾಲ, ಜೇಡಿ, ಸುಣ್ಣ ಎಲ್ಲವನ್ನೂ ಅಂದಾಜು ಮಾಡಬಹುದು. ಇವುಗಳಲ್ಲಿ ಅದು ನಿಜಕ್ಕೂ ಗಟ್ಟಿಗ. ನೈರೋಬಿಯ ಕೃಷಿ ಅರಣ್ಯ ಸಂಸ್ಥೆಯವರು ಆಫ್ರಿಕಾದ ಮಣ್ಣುಗಳನ್ನು ದೊಡ್ಡ ಸಂಖ್ಯೆಯಲ್ಲಿ ಹೀಗೇ ಓದುತ್ತಿದ್ದಾರೆ. ದುಡ್ಡಿನ ಲೆಕ್ಕವನ್ನೂ ನೋಡಿ. ಒಂದು ಮಾದರಿಗೆ ಲ್ಯಾಬ್ ಖರ್ಚು 2,000 ರೂಪಾಯಿ ಅಂತ ಇಟ್ಟುಕೊಳ್ಳೋಣ. 300 ಮಾದರಿಗೆ 6 ಲಕ್ಷ. 80ನ್ನು ಮಾತ್ರ ಲ್ಯಾಬಿಗೆ ಕಳಿಸಿ, ಅದರಿಂದ ಯಂತ್ರಕ್ಕೆ ಪಾಠ ಹೇಳಿ, ಉಳಿದ 220ನ್ನು ಬೆಳಕಿನಿಂದ ಓದಿದರೆ 1.6 ಲಕ್ಷ. ಉಳಿತಾಯ ಇರುವುದು ಇಲ್ಲಿ. ಎರಡೇ ಮಾದರಿ ಇರುವವನಿಗೆ ಉಳಿತಾಯವೂ ಇಲ್ಲ, ಉತ್ತರವೂ ಇಲ್ಲ.

ಇದರಲ್ಲೇ ಎರಡು ಬಗೆ. ಈವರೆಗೆ ಹೇಳಿದ್ದು ಹತ್ತಿರದ ಇನ್‌ಫ್ರಾರೆಡ್, ಅಂದರೆ ನಿಯರ್. ಇನ್ನೊಂದು ಮಿಡ್ ಇನ್‌ಫ್ರಾರೆಡ್, 2,500ರಿಂದ 25,000 ನ್ಯಾನೋಮೀಟರ್. ಕಾಲೇಜುಗಳ ಕೆಮಿಸ್ಟ್ರಿ ವಿಭಾಗದಲ್ಲಿ ಎಫ್‌ಟಿಐಆರ್ ಅಂತ ಕೂತಿರುತ್ತದಲ್ಲ, ಅದು. ಖನಿಜಗಳ ಗುರುತು ಇದರಲ್ಲಿ ಸ್ಪಷ್ಟ, ಊಹೆಯೂ ಸಾಮಾನ್ಯವಾಗಿ ಹೆಚ್ಚು ಸರಿ. ಆದರೆ ಮಣ್ಣನ್ನು ಚೆನ್ನಾಗಿ ಒಣಗಿಸಿ ಹಿಟ್ಟಿನ ಹಾಗೆ ಅರೆಯಬೇಕು. ಚಪ್ಪಲಿ ಲೆಕ್ಕ ಮಾತ್ರ ಇಲ್ಲೂ ತಪ್ಪಿದ್ದಲ್ಲ.

ಎಕ್ಸ್‌ರೇ ಗನ್

ಹೆಸರು ಎಕ್ಸ್‌ಆರ್‌ಎಫ್. ನೋಡಲು ಗೋಡೆ ಕೊರೆಯುವ ಡ್ರಿಲ್ ಮಷಿನ್ ಹಾಗೆ. ಬಂಗಾರದಂಗಡಿಯಲ್ಲಿ ಚಿನ್ನದ ಶುದ್ಧತೆ ನೋಡುವ ಪೆಟ್ಟಿಗೆ ಕಂಡಿದ್ದೀರಲ್ಲ, ಅದರ ತಮ್ಮ. ಇದು ಎಕ್ಸ್‌ರೇ ಬಿಟ್ಟಾಗ ಮಣ್ಣಿನಲ್ಲಿರುವ ಒಂದೊಂದು ಲೋಹವೂ ತನ್ನದೇ ಶಕ್ತಿಯ ಎಕ್ಸ್‌ರೇ ಹಿಂದಕ್ಕೆ ಕೊಡುತ್ತದೆ. ಊಹೆ ಇಲ್ಲ, ಚಪ್ಪಲಿ ಇಲ್ಲ. ಮಂಟಪದ ಒಳಗೇ ಹೋಗಿ ತಲೆ ಎಣಿಸಿದ ಹಾಗೆ. ಒಂದೆರಡು ನಿಮಿಷದಲ್ಲಿ ಹತ್ತು ಹದಿನೈದು ಲೋಹಗಳ ಅಂಕಿ ಬರುತ್ತದೆ. ಸೀಸ, ತಾಮ್ರ, ಸತುವಿಗೆ ಬಹಳ ಚೆನ್ನ. ಕ್ರೋಮಿಯಂ, ನಿಕ್ಕಲ್‌ಗೆ ಪರವಾಗಿಲ್ಲ.

ಕ್ಯಾಡ್ಮಿಯಂ, ಪಾದರಸಕ್ಕೆ ಇದನ್ನು ನಂಬಬೇಡಿ. ಕಾಳಜಿ ಶುರುವಾಗುವ 1–3 ಪಿಪಿಎಂ ಮಟ್ಟ ಇದರ ಕಣ್ಣಿಗೆ ಬೀಳುವುದಿಲ್ಲ. ಪರದೆಯ ಮೇಲೆ ‘ಇಲ್ಲ’ ಅಂತ ಬಂದರೆ ‘ನನಗೆ ಕಾಣಲಿಲ್ಲ’ ಅಂತ ಓದಿಕೊಳ್ಳಿ. ಸೀಸ ಜಾಸ್ತಿ ಇರುವ ಮಣ್ಣಿನಲ್ಲಿ ಆರ್ಸೆನಿಕ್ ಅಂಕಿಯನ್ನೂ ಅನುಮಾನದಿಂದಲೇ ನೋಡಿ. ಎರಡರ ಎಕ್ಸ್‌ರೇ ಶಕ್ತಿಯೂ 10.5 ಕೆಇವಿ ಹತ್ತಿರ, ಒಂದರ ಮೇಲೊಂದು ಬೀಳುತ್ತವೆ. ಒದ್ದೆ ಮಣ್ಣಿನಲ್ಲಿ ಅಂಕಿ ಕಡಿಮೆ ತೋರಿಸುತ್ತದೆ. ಗನ್ ನೋಡುವುದು ಮೇಲಿನ ಕೆಲವೇ ಮಿಲಿಮೀಟರ್ ಮಣ್ಣನ್ನು. ಹಾಗಾಗಿ ನೆಲಕ್ಕೆ ನೇರ ಹಿಡಿಯುವುದಕ್ಕಿಂತ ಒಣಗಿಸಿ, ಜರಡಿ ಹಿಡಿದು, ಸಣ್ಣ ಬಟ್ಟಲಲ್ಲಿ ತುಂಬಿ ಮೂರು ಸಲ ಓದಿಸುವುದು ಮೇಲು.

ಬೆಲೆ ಹತ್ತಾರು ಲಕ್ಷ. ವಿಕಿರಣ ಉಪಕರಣ ಆದ್ದರಿಂದ ಅಣುಶಕ್ತಿ ನಿಯಂತ್ರಣ ಮಂಡಳಿಯ ನಿಯಮಗಳ ಅಡಿ ಬರುತ್ತದೆ, ಕಂಡವರು ಕಂಡಲ್ಲಿ ಹಿಡಿಯುವಂತಿಲ್ಲ. ನೀವು ಕೊಳ್ಳುವ ಮಾತೇ ಇಲ್ಲ, ಇದ್ದವರನ್ನು ಕರೆಸಬೇಕು. ಬೆಳಗಾವಿಯಲ್ಲಿ ಫೌಂಡ್ರಿ, ಲೋಹದ ಕೆಲಸ ಜಾಸ್ತಿ. ಲೋಹದ ಮಿಶ್ರಣ ಪರೀಕ್ಷಿಸುವ ಕಡೆ ಇಂಥ ಗನ್ ಇರುವ ಸಾಧ್ಯತೆ ಉಂಟು. ಆದರೆ ಲೋಹಕ್ಕೆ ಹೊಂದಿಸಿದ ಗನ್ ಮಣ್ಣಿಗೆ ಆಗುವುದಿಲ್ಲ. ‘ಸಾಯಿಲ್ ಮೋಡ್’ ಇದೆಯಾ ಅಂತ ಮೊದಲೇ ಕೇಳಿ.

ಲ್ಯಾಬ್, ಮತ್ತು ಸಾಯಿಲ್ ಹೆಲ್ತ್ ಕಾರ್ಡ್ ಎಂಬ ತಪ್ಪು ಭರವಸೆ

ಲ್ಯಾಬಿನಲ್ಲಿ ಮಣ್ಣನ್ನು ಬಿಸಿ ಆಮ್ಲದಲ್ಲಿ ಕರಗಿಸಿ ಆ ದ್ರಾವಣವನ್ನು ಓದುತ್ತಾರೆ. ಎಎಎಸ್ ಯಂತ್ರವಾದರೆ ಒಂದು ಸಲಕ್ಕೆ ಒಂದು ಲೋಹ, ಲೋಹಕ್ಕೊಂದು ದೀಪ. ಐಸಿಪಿ ಆದರೆ ಆರ್ಗಾನ್ ಪ್ಲಾಸ್ಮಾದಲ್ಲಿ ಎಲ್ಲ ಲೋಹ ಒಟ್ಟಿಗೆ. ಒಂದೆರಡು ಲೋಹಕ್ಕೆ ಎಎಎಸ್ ಅಗ್ಗ, ಐದಾರು ದಾಟಿದರೆ ಐಸಿಪಿ ವಾಸಿ. ಕ್ಯಾಡ್ಮಿಯಂ, ಆರ್ಸೆನಿಕ್ ಸಣ್ಣ ಪ್ರಮಾಣದಲ್ಲಿ ಬೇಕಿದ್ದರೆ ಅದರದೇ ಇನ್ನೂ ಸೂಕ್ಷ್ಮ ಬಗೆ, ಐಸಿಪಿ–ಎಂಎಸ್ ಕೇಳಿ. ಕೊಡುವ ಮುಂಚೆ ಎನ್‌ಎಬಿಎಲ್ (ಲ್ಯಾಬ್‌ಗಳಿಗೆ ಮಾನ್ಯತೆ ಕೊಡುವ ರಾಷ್ಟ್ರೀಯ ಮಂಡಳಿ) ಮಾನ್ಯತೆ ಇದೆಯಾ, ಅದರಲ್ಲೂ ‘ಮಣ್ಣಿನಲ್ಲಿ ಈ ಲೋಹ’ ಎಂಬುದಕ್ಕೇ ಇದೆಯಾ ಅಂತ ನೋಡಿ. ನೀರಿಗೆ ಮಾನ್ಯತೆ ಇಟ್ಟುಕೊಂಡು ಮಣ್ಣಿನ ವರದಿ ಕೊಡುವವರೂ ಇರುತ್ತಾರೆ. ಬಾಗಲಕೋಟೆಯ ತೋಟಗಾರಿಕೆ ವಿಶ್ವವಿದ್ಯಾಲಯ, ಧಾರವಾಡದ ಕೃಷಿ ವಿಶ್ವವಿದ್ಯಾಲಯ, ನಿಮ್ಮ ಜಿಲ್ಲೆಯ ಕೃಷಿ ವಿಜ್ಞಾನ ಕೇಂದ್ರ, ಈ ಮೂರು ಕಡೆ ಮೊದಲು ವಿಚಾರಿಸಿ, ಆಮೇಲೆ ಖಾಸಗಿಗೆ ಹೋಗಿ.

ಗನ್ ಅಂಕಿಯೂ ಲ್ಯಾಬ್ ಅಂಕಿಯೂ ಹೊಂದದಿದ್ದರೆ ಯಾರೋ ಸುಳ್ಳು ಹೇಳಿದರು ಅಂತ ತಿಳಿಯಬೇಡಿ. ಉಪ್ಪಿನಾಮ್ಲ, ನೈಟ್ರಿಕ್ ಆಮ್ಲ ಸೇರಿಸಿದ ರಾಜಾಮ್ಲ ಕೂಡ ಮಣ್ಣಿನ ಗಟ್ಟಿ ಹರಳನ್ನು ಪೂರ್ತಿ ಕರಗಿಸುವುದಿಲ್ಲ. ಹರಳಿನೊಳಗೆ ಸಿಕ್ಕಿರುವ ಕ್ರೋಮಿಯಂ ಗನ್‌ಗೆ ಕಾಣುತ್ತದೆ, ಆಮ್ಲಕ್ಕೆ ಸಿಗುವುದಿಲ್ಲ. ಕ್ರೋಮಿಯಂನ ಇನ್ನೊಂದು ಮಾತು: ಅದರ ವಿಷಕಾರಿ ರೂಪ ಆರು ವೇಲೆನ್ಸಿಯದ್ದು. ಗನ್ನೂ ಸಾಮಾನ್ಯ ಐಸಿಪಿಯೂ ಒಟ್ಟು ಕ್ರೋಮಿಯಂ ಮಾತ್ರ ಹೇಳುತ್ತವೆ. ಪ್ಲೇಟಿಂಗ್ ಘಟಕದ ಪಕ್ಕದವರು ‘ಹೆಕ್ಸಾವೇಲೆಂಟ್’ ಅಂತ ಬೇರೆಯೇ ಪರೀಕ್ಷೆ ಕೇಳಬೇಕು.

"ನಮ್ಮ ಹೊಲದ್ದು ಸಾಯಿಲ್ ಕಾರ್ಡ್ ಐತ್ರಿ, ಎಲ್ಲಾ ಹಸಿರು ಬಂದೈತಿ" ಅಂತ ಹೇಳುವವರು ವಾರಕ್ಕೊಬ್ಬರಾದರೂ ಸಿಗುತ್ತಾರೆ. 2015ರ ಫೆಬ್ರವರಿಯಲ್ಲಿ ಶುರುವಾದ ಆ ಯೋಜನೆಯ ಕಾರ್ಡಿನಲ್ಲಿ 12 ಅಂಶ ಇರುತ್ತವೆ. ಸಾರಜನಕ, ರಂಜಕ, ಪೊಟ್ಯಾಷ್, ಗಂಧಕ, ಸತು, ಕಬ್ಬಿಣ, ತಾಮ್ರ, ಮ್ಯಾಂಗನೀಸ್, ಬೋರಾನ್, ಪಿಎಚ್, ಲವಣಾಂಶ, ಸಾವಯವ ಇಂಗಾಲ. ಸೀಸ ಇಲ್ಲ, ಕ್ಯಾಡ್ಮಿಯಂ ಇಲ್ಲ, ಕ್ರೋಮಿಯಂ ಇಲ್ಲ. ತಾಮ್ರ, ಸತು ಇದ್ದರೂ ಅದು ಗಿಡಕ್ಕೆ ಕೊರತೆ ಇದೆಯಾ ಅಂತ ಡಿಟಿಪಿಎ ಎಂಬ ದ್ರಾವಣದಿಂದ ನೋಡುವ ಪರೀಕ್ಷೆ. ಸತು 0.6 ಪಿಪಿಎಂಗಿಂತ ಕಡಿಮೆ ಇದ್ದರೆ ಕೊರತೆ ಅಂತ ಹೇಳುವ ಲೆಕ್ಕ ಅದು. ಹೆಚ್ಚಾಗಿ ವಿಷವಾಗಿದೆಯಾ ಅಂತ ಹೇಳಲು ಮಾಡಿದ್ದಲ್ಲ. ಆದರೆ ಅದೇ ಡಿಟಿಪಿಎ ದ್ರಾವಣದಲ್ಲಿ ಸೀಸ, ಕ್ಯಾಡ್ಮಿಯಂ ಕೂಡ ಓದಿಸಬಹುದು. ಸುಣ್ಣದ ಮಣ್ಣಿಗೆಂದೇ ರೂಪಿಸಿದ ವಿಧಾನ ಆದ್ದರಿಂದ ನಮ್ಮ ಎರೆಗೆ ಹೊಂದುತ್ತದೆ. ‘ಬೇರಿಗೆ ಸಿಗುವುದು ಎಷ್ಟು’ ಎಂಬ ಪ್ರಶ್ನೆಗೆ ಇದೇ ಕೈಗೆಟುಕುವ ಉತ್ತರ.

ಬಣ್ಣ ಬದಲಾಗುವ ಪಟ್ಟಿ, ಆನ್‌ಲೈನ್ ಕಿಟ್ ಇವುಗಳಲ್ಲಿ ಹೆಚ್ಚಿನವು ನೀರಿಗೋ ಗೋಡೆ ಬಣ್ಣಕ್ಕೋ ಮಾಡಿದವು. ಮಣ್ಣಿಗೆ ದುಡ್ಡು ದಂಡ.

ಈಗ ನಿಮ್ಮ ಸರದಿ

ದ್ರಾಕ್ಷಿ, ದಾಳಿಂಬೆಯವರದ್ದು ಎಲ್ಲರಿಗಿಂತ ಸುಲಭ, ಯಾಕೆಂದರೆ ಎಷ್ಟು ಹಾಕಿದ್ದೀರಿ ಅಂತ ನಿಮಗೇ ಗೊತ್ತು. ಕಾಕಾನ ಜೊತೆ ಬದುವಿನ ಮೇಲೆ ಕುಳಿತು ಮಾಡಿದ ಲೆಕ್ಕ ಇದು. ರೋಗಕ್ಕೆ ಹೊಡೆಯುವ ಶೇ 1ರ ಬೋರ್ಡೋ ದ್ರಾವಣ ಅಂದರೆ 100 ಲೀಟರ್ ನೀರಿಗೆ 1 ಕೆಜಿ ಮೈಲುತುತ್ತ, 1 ಕೆಜಿ ಸುಣ್ಣ. ಎಕರೆಗೆ 400 ಲೀಟರ್ ಹೊಡೆದರೆ 4 ಕೆಜಿ ಮೈಲುತುತ್ತ. ಅದರಲ್ಲಿ ಕಾಲು ಭಾಗ ತಾಮ್ರ, ಅಂದರೆ 1 ಕೆಜಿ. ಒಂದು ಎಕರೆಯ ಮೇಲಿನ 15 ಸೆಂಟಿಮೀಟರ್ ಮಣ್ಣಿನ ತೂಕ ಸುಮಾರು 8 ಲಕ್ಷ ಕೆಜಿ. ಹಾಗಾದರೆ ಒಂದು ಸಿಂಪರಣೆಗೆ 1.25 ಪಿಪಿಎಂ ಸೇರಿತು. ವರ್ಷಕ್ಕೆ ನಾಲ್ಕು ಸಲ, ಹದಿನೈದು ವರ್ಷ: 75 ಪಿಪಿಎಂ. ತಾಮ್ರ ಮಣ್ಣಿಗೆ ಅಂಟಿಕೊಂಡು ಮೇಲೇ ಉಳಿಯುವ ಲೋಹ, ಕೆಳಗೆ ಇಳಿಯುವುದು ಬಹಳ ಕಡಿಮೆ. ಕಾಕಾ ಲೆಕ್ಕ ಕೇಳಿ ಸ್ವಲ್ಪ ಹೊತ್ತು ಸುಮ್ಮನಾದರು. "ಮತ್ತ ಆ ಮಷಿನ್ ಸೀಸದ್ದು ಯಾಕ ಹೇಳ್ತದ್ರೀ, ನಾವು ಹೊಡದದ್ದು ತಾಮ್ರ ಅಲ್ಲೇನು?"

ಇವರಿಗೆ ಇನ್‌ಫ್ರಾರೆಡ್ ಬೇಡ. ಎಎಎಸ್‌ನಲ್ಲಿ ಒಂದೇ ಲೋಹ, ತಾಮ್ರ. ಒಟ್ಟು ಎಷ್ಟು, ಡಿಟಿಪಿಎಯಲ್ಲಿ ಎಷ್ಟು, ಎರಡೂ. ಜೊತೆಗೆ ಪಕ್ಕದ ಬಿಳಿಜೋಳದ ಹೊಲದ ಒಂದು ಮಾದರಿ ಕಡ್ಡಾಯ. ಬಸಾಲ್ಟಿನ ಮಣ್ಣಿನಲ್ಲಿ ಮೊದಲೇ ತಾಮ್ರ ಇರುವುದರಿಂದ ಬರೀ ತೋಟದ ಅಂಕಿ ನೋಡಿದರೆ ಏನೂ ತಿಳಿಯುವುದಿಲ್ಲ. ಜೋಳದ ಹೊಲದಲ್ಲಿ 90, ತೋಟದಲ್ಲಿ 100 ಬಂದರೆ ಆರಾಮಾಗಿರಿ. 90 ಮತ್ತು 190 ಬಂದರೆ ಸಿಂಪರಣೆಯ ಬಗ್ಗೆ ಯೋಚಿಸಿ.

ಬೆಳಗಾವಿಯ ಬಳ್ಳಾರಿ ನಾಲಾ ದಂಡೆಯ ಅಕ್ಕನ ಪ್ರಶ್ನೆ ಬೇರೆ. "ನಮ್ಮ ಮೆಂತೆ ಪಲ್ಲೆ ಮಕ್ಕಳಿಗೆ ಕೊಡಬೇಕೋ ಬ್ಯಾಡೋ, ಅಷ್ಟ ಹೇಳ್ರಿ." ಅವರಿಗೆ ನಾನು ಹೇಳಿದ್ದು, ಮಣ್ಣಿಗಿಂತ ಮೊದಲು ಸೊಪ್ಪು ಪರೀಕ್ಷಿಸಿ ಅಂತ. ತೊಳೆದ ಸೊಪ್ಪು ಅರ್ಧ ಕೆಜಿ, ಐಸಿಪಿ–ಎಂಎಸ್‌ನಲ್ಲಿ ಸೀಸ, ಕ್ಯಾಡ್ಮಿಯಂ. ಕೋಡೆಕ್ಸ್ ಎಂಬ ಅಂತರರಾಷ್ಟ್ರೀಯ ಆಹಾರ ಮಾನದಂಡದ ಮಿತಿ ಪ್ರಕಾರ ಸೊಪ್ಪಿನಲ್ಲಿ ಒಂದು ಕೆಜಿಗೆ ಸೀಸ 0.3, ಕ್ಯಾಡ್ಮಿಯಂ 0.2 ಮಿಲಿಗ್ರಾಂ. ಆಮೇಲೆ ನಾಲಾ ನೀರು ಬರುವ ಮಡಿಯ ಒಂದು ಮಣ್ಣು, ಬಾವಿ ನೀರಿನ ಹೊಲದ ಒಂದು ಮಣ್ಣು. ಮೂರು ಪರೀಕ್ಷೆ, ಮುಗಿಯಿತು. ದುಡ್ಡು ಒಂದಕ್ಕೇ ಸಾಕಾಗುತ್ತದೆ ಅಂದರೆ ಸೊಪ್ಪಿನದನ್ನೇ ಮಾಡಿಸಿ.

ಫೌಂಡ್ರಿ, ಗುಜರಿ, ಪ್ಲೇಟಿಂಗ್ ಪಕ್ಕದ ಜಾಗ ಕೊಳ್ಳುವವರಿಗೆ ಗನ್ ಹೇಳಿ ಮಾಡಿಸಿದ್ದು. ಅಂಥ ಜಾಗದಲ್ಲಿ ಮಾಲಿನ್ಯ ಒಂದೇ ಸಮ ಇರುವುದಿಲ್ಲ, ಒಂದು ಮೂಲೆಯಲ್ಲಿ ಗುಡ್ಡೆಯಾಗಿರುತ್ತದೆ. ಮೂರು ಮಾದರಿ ಲ್ಯಾಬಿಗೆ ಕಳಿಸಿದರೆ ಆ ಮೂಲೆ ತಪ್ಪಿಯೇ ಹೋಗಬಹುದು. ಗನ್ ಹಿಡಿದು ಅರ್ಧ ದಿನ ಐವತ್ತು ಕಡೆ ಓದಿ, ಜಾಸ್ತಿ ಬಂದ ನಾಲ್ಕು ಕಡೆಯದನ್ನು ಮಾನ್ಯತೆ ಇರುವ ಲ್ಯಾಬಿಗೆ ಕಳಿಸಿ. ವಕೀಲರ ಮುಂದೆ ಇಡಲು ಲ್ಯಾಬ್ ಕಾಗದವೇ ಬೇಕು.

ಇನ್ನು ಆ ಎಂ.ಎಸ್ಸಿ ಹುಡುಗಿ. ಅವಳಿಗೆ ಮಾತ್ರ ನಾನು ಇನ್‌ಫ್ರಾರೆಡ್ ಹಿಡಿ ಅಂದೆ. ಎರೆ, ಮಸಾರಿ, ಜಂಬಿಟ್ಟಿಗೆ, ಬಾದಾಮಿಯ ಮರಳುಗಲ್ಲಿನ ಮಣ್ಣು, ಇಳಕಲ್ಲಿನ ಗ್ರಾನೈಟಿನ ಕೆಂಪು ಮಣ್ಣು. ಬೆಳಗಾವಿ, ಬಾಗಲಕೋಟೆ, ವಿಜಯಪುರ ಈ ಮೂರು ಜಿಲ್ಲೆಯಲ್ಲೇ ಇಷ್ಟು ಬಗೆ ಸಿಗುವಾಗ ನಮ್ಮದೇ ಪಾಠ ಯಂತ್ರಕ್ಕೆ ಕಲಿಸುವುದು ನಿಜವಾದ ಕೆಲಸ. ಒಂದು ಎಚ್ಚರಿಕೆ ಹೇಳಿದೆ. ಮಾದರಿಗಳನ್ನು ಚೀಟಿ ಎತ್ತಿದ ಹಾಗೆ ಎರಡು ಪಾಲು ಮಾಡಿ, ಒಂದರಿಂದ ಕಲಿಸಿ ಇನ್ನೊಂದರಲ್ಲಿ ಪರೀಕ್ಷಿಸಿದರೆ ಆರ್ ಸ್ಕ್ವೇರ್ (ಊಹೆ ನಿಜಕ್ಕೆ ಎಷ್ಟು ಹೊಂದಿತು ಎಂಬ ಅಂಕಿ) ಚೆಂದ ಬರುತ್ತದೆ, ಏಕೆಂದರೆ ಪಕ್ಕಪಕ್ಕದ ಹೊಲಗಳು ಎರಡೂ ಪಾಲಿನಲ್ಲಿ ಇರುತ್ತವೆ. ಒಂದಿಡೀ ಊರನ್ನೇ ಪಾಠದಿಂದ ಹೊರಗಿಟ್ಟು ಅಲ್ಲಿ ಪರೀಕ್ಷಿಸಬೇಕು. ಊಹೆಯನ್ನು ಎಷ್ಟು ನಂಬಬಹುದು ಅಂತ ಹೇಳುವ ಆರ್‌ಪಿಡಿ ಅನ್ನುವ ಅಂಕಿ 1.4ಕ್ಕಿಂತ ಕೆಳಗಿದ್ದರೆ ಯಂತ್ರ ಏನೂ ಕಲಿತಿಲ್ಲ ಅಂತ ಅರ್ಥ, 2 ದಾಟಿದರೆ ನಂಬಬಹುದು. ಕಬ್ಬಿಣದ ಅಂಕಿಯನ್ನಷ್ಟೇ ಕೊಟ್ಟರೂ ನಿಕ್ಕಲ್ ಅಷ್ಟೇ ಚೆನ್ನಾಗಿ ಊಹೆಯಾಗುತ್ತದೆಯಾ ಅಂತಲೂ ನೋಡು ಅಂದೆ. ಹಾಗೆ ಊಹೆಯಾದರೆ, ಅವಳು ಅಳೆಯುತ್ತಿರುವುದು ಬಸಾಲ್ಟನ್ನು, ಮಾಲಿನ್ಯವನ್ನಲ್ಲ.

ನೂರಾರು ಸದಸ್ಯರಿರುವ ರೈತ ಉತ್ಪಾದಕ ಕಂಪನಿಗಳಿಗೂ ಈ ದಾರಿ ಸರಿ, ಆದರೆ ವಿಶ್ವವಿದ್ಯಾಲಯದವರನ್ನು ಜೊತೆಗೆ ಕರೆದುಕೊಂಡು. ಎಲ್ಲಿ ಹೆಚ್ಚು ಹುಡುಕಬೇಕು ಅಂತ ನಕ್ಷೆ ಹಾಕಲು ಬೆಳಕು, ಆ ನಕ್ಷೆಯ ಕೆಂಪು ಚುಕ್ಕೆಗಳಿಗೆ ಲ್ಯಾಬ್. ಸದಸ್ಯನೊಬ್ಬನಿಗೆ ‘ನಿನ್ನ ಹೊಲ ಕೆಟ್ಟಿದೆ’ ಅಂತ ಬರೀ ಬೆಳಕಿನ ಅಂಕಿ ನೋಡಿ ಹೇಳಬಾರದು.

ಮಣ್ಣು ತೆಗೆಯುವಾಗ

ಯಾವ ಯಂತ್ರ ಆರಿಸಿದರೂ ಇಲ್ಲಿ ತಪ್ಪಿದರೆ ಎಲ್ಲ ವ್ಯರ್ಥ. ನಾನೇ ಒಮ್ಮೆ ತಪ್ಪಿದ್ದೇನೆ. ಜಿಂಕ್ ಲೇಪದ ಬಕೆಟ್ಟಿನಲ್ಲಿ ಮಣ್ಣು ಕಲಸಿದ್ದೆ. ಸತು ಎಲ್ಲಾ ಮಾದರಿಯಲ್ಲೂ ಏರಿ ಬಂತು. ಎರಡು ದಿನ ಯಾವ ಕಾರ್ಖಾನೆ ಅಂತ ತಲೆ ಕೆಡಿಸಿಕೊಂಡು, ಮೂರನೇ ದಿನ ಬಕೆಟ್ ನೋಡಿದೆ. ಪ್ಲಾಸ್ಟಿಕ್ ಬುಟ್ಟಿ, ಸ್ಟೀಲ್ ಅಥವಾ ಮರದ ಸಲಿಕೆ ಬಳಸಿ. ಹಿತ್ತಾಳೆ ಜರಡಿ ಬೇಡ, ತಾಮ್ರ ಸತು ಎರಡೂ ಬರುತ್ತದೆ. ಗೊಬ್ಬರದ ಖಾಲಿ ಚೀಲದಲ್ಲಿ ಮಣ್ಣು ತರಬೇಡಿ.

ಎಕರೆಗೆ ಎಂಟು ಹತ್ತು ಕಡೆ, ಅಂಕುಡೊಂಕಾಗಿ ನಡೆದು, ಇಂಗ್ಲಿಷಿನ ವಿ ಆಕಾರದ ಗುಂಡಿ ತೋಡಿ 15 ಸೆಂಟಿಮೀಟರ್‌ವರೆಗಿನ ಮಣ್ಣು ತೆಗೆಯಿರಿ. ಬದು, ಬಾವಿಕಟ್ಟೆ, ತಿಪ್ಪೆ, ಟ್ರಾನ್ಸ್‌ಫಾರ್ಮರ್ ಹತ್ತಿರ ಬೇಡ. ಎಲ್ಲ ಕೂಡಿಸಿ, ಹರಡಿ, ನಾಲ್ಕು ಪಾಲು ಮಾಡಿ, ಎದುರುಬದುರಿನ ಎರಡು ಪಾಲು ತೆಗೆದುಹಾಕಿ. ಒಂದು ಕೆಜಿ ಉಳಿಯುವವರೆಗೆ ಹೀಗೇ ಮಾಡಿ. ನೆರಳಲ್ಲಿ ಒಣಗಿಸಿ. ಎರೆ ಹೆಂಟೆ ಕಲ್ಲಿನಂತೆ ಗಟ್ಟಿಯಾಗುವ ಮುಂಚೆಯೇ, ಸ್ವಲ್ಪ ತೇವ ಇರುವಾಗ ಕೈಯಿಂದ ಪುಡಿ ಮಾಡಿಕೊಳ್ಳಿ. ಆಮೇಲೆ ಮರದ ಕೊಡತಿಯೇ ಬೇಕಾಗುತ್ತದೆ.

ಲ್ಯಾಬಿಗೆ ಅರ್ಧ ಕೆಜಿ ಕಳಿಸಿದ ಮೇಲೆ ಉಳಿದ ಅರ್ಧ ಕೆಜಿಯನ್ನು ಚೆಲ್ಲಬೇಡಿ. ಒಣಗಿದ ಪ್ಲಾಸ್ಟಿಕ್ ಡಬ್ಬಿಯಲ್ಲಿ ಹಾಕಿ, ಸರ್ವೆ ನಂಬರ್, ತಾರೀಖು ಬರೆದು ಇಡಿ, ವರದಿ ಬಂದಾಗ ಅಂಕಿಯನ್ನೂ ಅದರ ಮೇಲೆ ಬರೆಯಿರಿ. ನಾಳೆ ಆ ಹುಡುಗಿಯಂಥವರು ನಮ್ಮ ಮಣ್ಣಿನ ಪಾಠವನ್ನು ಯಂತ್ರಕ್ಕೆ ಕಲಿಸಲು ಕುಳಿತಾಗ ಅವರಿಗೆ ಬೇಕಾಗುವುದು ಇದೇ, ಲ್ಯಾಬಿನ ಅಂಕಿ ಇರುವ ನಮ್ಮೂರ ಮಣ್ಣು. ತಿಕೋಟಾದ ಕಾಕಾ ಈಗಾಗಲೇ ಎರಡು ಡಬ್ಬಿ ಇಟ್ಟಿದ್ದಾರೆ, ಒಂದು ತೋಟದ್ದು, ಒಂದು ತಮ್ಮನ ಜೋಳದ ಹೊಲದ್ದು. ಒಣದ್ರಾಕ್ಷಿ ಶೆಡ್ಡಿನ ಅಟ್ಟದ ಮೇಲಿವೆ. ಗುರುತಿಗೆ ಒಂದಕ್ಕೆ ಹಸಿರು ಮುಚ್ಚಳ, ಒಂದಕ್ಕೆ ಬಿಳಿ.